ಫೆಂಡರ್ ಗಟ್ಟಿಯಾಗಿರಲಿ, ಕೊಂಡಿ ಮಾತ್ರ ಕಡಿಯುವಂತಿರಲಿ

ಓದುಗರ ಪ್ರಶ್ನೆ:

"ನಮಸ್ಕಾರ ಸರ್. ನಾವು ಗಂಡ ಹೆಂಡತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸದಲ್ಲಿದ್ದೇವೆ. ಬಾಡಿಗೆ ಕಟ್ಟಿ ಸಾಕಾಗಿ ಕಳೆದ ವರ್ಷ 57 ಅಡಿ ಉದ್ದದ ಒಂದು ಹಳೆಯ ಸ್ಟೀಲ್ ನ್ಯಾರೋಬೋಟ್ ಕೊಂಡೆವು. ಈಗ ಕಾಲುವೆಯ ಮೇಲೇ ನಮ್ಮ ಮನೆ. ಬೋಟಿನ ಮೂತಿಗೆ ಕಟ್ಟಿರುವ ಹಗ್ಗದ ಫೆಂಡರ್ ಕಪ್ಪಾಗಿ ಒಂದು ಕಡೆಗೆ ಜೋತು ಬಿದ್ದಿದೆ. ಪಕ್ಕದ ಬೋಟಿನವರು 'ದಪ್ಪ ಶ್ಯಾಕಲ್ ಹಾಕಿ ಸರಪಳಿ ಬಿಗಿ ಮಾಡಿ' ಅಂದರು. ನನ್ನ ಗಂಡ ಹಾಗೇ ಮಾಡಿದ್ದಾರೆ. ಕಳೆದ ತಿಂಗಳು ಫಾರ್ಮರ್ಸ್ ಬ್ರಿಜ್ ಲಾಕ್‌ಗಳಲ್ಲಿ ಇಳಿಯುವಾಗ ಬೋಟ್ ಗೋಡೆಗಳ ನಡುವೆ ಸಿಕ್ಕಿಕೊಂಡು ವಾಲಿತು. ಪಕ್ಕದ ಫೆಂಡರ್‌ಗಳು ಕೆಳಗೇ ಇದ್ದವು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಮತ್ತೆ ನೀರು ತುಂಬಿಸಿ ಬಿಡಿಸಿಕೊಟ್ಟರು. ಅವತ್ತಿನಿಂದ ನನಗೆ ಲಾಕ್ ಅಂದರೆ ಎದೆ ಹೊಡೆದುಕೊಳ್ಳುತ್ತೆ. ಹೊಸ ಫೆಂಡರ್ ಯಾವುದು ತೆಗೆದುಕೊಳ್ಳಬೇಕು? ಹಳೆ ಟೈರ್ ಸಾಕಾ? ಹಳೆಯ ಬೋಟ್‌ಗಳಲ್ಲಿ ಕಾಣುವ ಬಿಳಿ ಹಗ್ಗದ ಅಲಂಕಾರ ನನಗೆ ತುಂಬಾ ಇಷ್ಟ. ಹಳದಿ, ಕೆಂಪು ಬಣ್ಣದಲ್ಲೂ ಏನಾದರೂ ಮಾಡಬೇಕು ಅಂತ ಆಸೆ. ಹಗ್ಗಕ್ಕೆ ಪೇಂಟ್ ಹೊಡೆದರೆ ಬಾಳಿಕೆ ಬರುತ್ತಾ? ತಿಪಟೂರಿನಿಂದ ಅತ್ತೆ ಬರುವವರಿದ್ದಾರೆ, ಕತ್ತದ ಹಗ್ಗ ತರಲಾ ಅಂತ ಕೇಳುತ್ತಿದ್ದಾರೆ. ಬೇಸಿಗೆಯಲ್ಲಿ ಯಾರ್ಕ್‌ಷೈರ್ ಕಡೆ ಹೋಗುವ ಯೋಚನೆಯೂ ಇದೆ."

ಉತ್ತರ:

ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಆ ಸಿಕ್ಕಿಕೊಂಡ ಬೋಟ್ ಅಲ್ಲ, ದಪ್ಪ ಶ್ಯಾಕಲ್, ಅಂದರೆ ಸರಪಳಿ ಕೂಡಿಸುವ ಗಟ್ಟಿ ಲೋಹದ ಕೊಂಡಿ. ಮುಂದಿನ ಲಾಕ್‌ಗೆ ಹೋಗುವ ಮೊದಲೇ ಅದನ್ನು ಬಿಚ್ಚಿಸಿಬಿಡಿ. ಯಾಕೆ ಅಂತ ಕೆಳಗೆ ವಿವರವಾಗಿ ಹೇಳುತ್ತೇನೆ. ಮಿಕ್ಕಿದ್ದೆಲ್ಲ ನಿಧಾನಕ್ಕೆ ಮಾಡಬಹುದು, ಇದೊಂದನ್ನು ಮಾತ್ರ ಇವತ್ತೇ ಮಾಡಿ.

ಇದನ್ನು ಓದುವ ಎಲ್ಲರೂ ಇಂಗ್ಲೆಂಡಿನ ಕಾಲುವೆ ನೋಡಿರುವುದಿಲ್ಲ, ಅದಕ್ಕೇ ಎರಡು ಮಾತು. ಫೆಂಡರ್ ಅಂದರೆ ಬೋಟ್ ಗೋಡೆಗೋ ದಡಕ್ಕೋ ಬಡಿದಾಗ ಪೆಟ್ಟು ತಡೆಯಲು ಹೊರಗೆ ಕಟ್ಟುವ ಮೆತ್ತೆ. ಲಾಕ್ ಅಂದರೆ ನೀರಿನ ಮೆಟ್ಟಿಲು. ಎರಡೂ ಕಡೆ ಬಾಗಿಲಿರುವ ಉದ್ದನೆಯ ಕಲ್ಲು ಅಥವಾ ಇಟ್ಟಿಗೆಯ ತೊಟ್ಟಿ. ಬೋಟ್ ಒಳಗೆ ಬಂದ ಮೇಲೆ ಬಾಗಿಲು ಹಾಕಿ, ತೂಬು ಎತ್ತಿ ನೀರು ತುಂಬಿಸಿದರೆ ಬೋಟ್ ಮೇಲೇರುತ್ತೆ, ನೀರು ಬಿಟ್ಟರೆ ಇಳಿಯುತ್ತೆ. ಮಧ್ಯ ಇಂಗ್ಲೆಂಡಿನಲ್ಲಿ 18ನೇ ಶತಮಾನದಲ್ಲಿ ಕಟ್ಟಿದ ಹೆಚ್ಚಿನ ಲಾಕ್‌ಗಳ ಅಗಲ ಸುಮಾರು 7 ಅಡಿ. ಅದರಲ್ಲಿ ಹೋಗಲೆಂದೇ ನ್ಯಾರೋಬೋಟ್ 6 ಅಡಿ 10 ಇಂಚು ಅಗಲ ಇರುತ್ತೆ.

ಈಗ ಲೆಕ್ಕ ಹಾಕಿ. 7 ಅಡಿಯಲ್ಲಿ 6 ಅಡಿ 10 ಇಂಚು ಕಳೆದರೆ ಉಳಿಯುವುದು 2 ಇಂಚು. ಅಂದರೆ ಒಂದೊಂದು ಪಕ್ಕಕ್ಕೆ ಒಂದೇ ಇಂಚು. ನೀವು ಇಳಿಬಿಟ್ಟಿದ್ದ ಫೆಂಡರ್ ಏನಿಲ್ಲ ಅಂದರೂ 4 ಇಂಚು ದಪ್ಪ ಇದ್ದಿರಬೇಕು. ಬೋಟ್ ಒಳಗೆ ಬರುವಾಗ ಅದು ಹೇಗೋ ಅಮುಕಿಕೊಂಡು ಬಂದಿದೆ. ನೀರು ಇಳಿಯತೊಡಗಿದಾಗ ಗೋಡೆಗೂ ಬೋಟಿಗೂ ನಡುವೆ ಬೆಣೆ ಹೊಡೆದ ಹಾಗೆ ಕೂತಿದೆ. ಒಂದು ಪಕ್ಕ ನೇತಾಡುತ್ತಿದೆ, ಇನ್ನೊಂದು ಪಕ್ಕ ನೀರಿನ ಜೊತೆ ಇಳಿಯುತ್ತಿದೆ, ಬೋಟ್ ವಾಲಿದೆ. ಸಹಾಯಕ್ಕೆ ಬಂದವರು ಮಾಡಿದ್ದು ಅಪ್ಪಟ ಸರಿಯಾದ ಕೆಲಸ. ಮತ್ತೆ ನೀರು ತುಂಬಿಸಿದರೆ ಬೋಟ್ ಎದ್ದು ಬೆಣೆ ತಾನೇ ಸಡಿಲವಾಗುತ್ತೆ. ಅವರು ನನ್ನ ಎದುರಿಗೆ ಸಿಕ್ಕಿದ್ದರೆ ಕೈ ಮುಗಿಯುತ್ತಿದ್ದೆ.

ಹೊಸಬರಲ್ಲಿ ನಾನು ಅತಿ ಹೆಚ್ಚು ಕೇಳುವ ತಪ್ಪು ನಂಬಿಕೆ ಇದೇ: ಫೆಂಡರ್ ಅಂದರೆ ಕಾರಿನ ಬಂಪರ್ ಇದ್ದ ಹಾಗೆ, ಯಾವಾಗಲೂ ಇರಬೇಕು ಅಂತ. ಮೂತಿಯದು ಮತ್ತು ಹಿಂಭಾಗದ್ದು ಯಾವಾಗಲೂ ಇರುತ್ತವೆ, ಅದು ನಿಜ. ಪಕ್ಕದವು ಹಾಗಲ್ಲ. ಅವು ಬೋಟನ್ನು ದಡಕ್ಕೆ ಕಟ್ಟಿ ನಿಲ್ಲಿಸಿದಾಗ ಮಾತ್ರ ಬೇಕಾದವು. ಹೊರಡುವ ಮುಂಚೆ ಹಗ್ಗ ಬಿಚ್ಚುವಾಗಲೇ ಫೆಂಡರ್‌ಗಳನ್ನೂ ಎತ್ತಿ ಚಾವಣಿ ಮೇಲೆ ಇಡಿ. ಗೋಡೆಗೆ ಬೋಟ್ ಉಜ್ಜಿದರೆ ಏನಾಗುತ್ತೆ ಅಂತ ಭಯ ಬೇಡ. ಅದಕ್ಕೇ ಪಕ್ಕದುದ್ದಕ್ಕೂ ಸ್ಟೀಲ್ ಪಟ್ಟಿಗಳನ್ನು ಬೆಸೆದಿರುತ್ತಾರೆ. ಉಜ್ಜಿಸಿಕೊಳ್ಳುವುದೇ ಆ ಪಟ್ಟಿಯ ಕೆಲಸ. 14 ಅಡಿಯ ಅಗಲ ಲಾಕ್‌ಗಳಲ್ಲಿ ಹಾಗಿಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಹ್ಯಾಟನ್‌ನ 21 ಲಾಕ್‌ಗಳಲ್ಲಿ ಇನ್ನೊಂದು ಬೋಟ್ ನಿಮ್ಮ ಪಕ್ಕಕ್ಕೆ ಬಂದು ನಿಂತರೆ ಎರಡೂ ಸೇರಿ 13 ಅಡಿ 8 ಇಂಚು ಆಗುತ್ತೆ. ಅಲ್ಲಿ ಫೆಂಡರ್ ಬಿಟ್ಟರೆ ಎರಡು ಮನೆಯವರಿಗೂ ತೊಂದರೆ.

ಗೋಡೆಗಳು ನೇರವಾಗಿವೆ ಅಂತಲೂ ನಂಬಬೇಡಿ. ಇನ್ನೂರು ವರ್ಷ ಮಣ್ಣು ಒತ್ತಿ ಒತ್ತಿ ಕೆಲವು ಗೋಡೆಗಳು ಒಳಕ್ಕೆ ಉಬ್ಬಿವೆ. ಲಾಂಗೋಲನ್ ಕಾಲುವೆಯ ಶುರುವಿನಲ್ಲಿರುವ ಹರ್ಲ್‌ಸ್ಟನ್‌ನ ಕೆಳಗಿನ ಲಾಕ್ ಹೀಗೇ ಕಿರಿದಾಗಿ, ಸ್ವಲ್ಪ ಅಗಲ ಜಾಸ್ತಿ ಇದ್ದ ಹಳೆಯ ಬೋಟ್‌ಗಳು ಫೆಂಡರ್ ಇಲ್ಲದೆಯೂ ಸಿಕ್ಕಿಕೊಳ್ಳುತ್ತಿದ್ದವು. ಕೊನೆಗೆ ಅದನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕಾಯಿತು.

ಇನ್ನು ಆ ಶ್ಯಾಕಲ್ ವಿಚಾರ.

ಮೂತಿಯ ಫೆಂಡರ್ ಸಾಮಾನ್ಯವಾಗಿ ಮೇಲಿನ ಎರಡು ಸರಪಳಿಗಳಿಂದ ನೇತಾಡುತ್ತೆ, ಮೇಲಕ್ಕೆ ಹಾರದ ಹಾಗೆ ಕೆಳಗೊಂದೋ ಎರಡೋ ಸರಪಳಿ ಹಿಡಿದಿರುತ್ತವೆ. ಈಗ ಲಾಕ್‌ನಲ್ಲಿ ಮೇಲೇರುತ್ತಿದ್ದೀರಿ ಅಂದುಕೊಳ್ಳಿ. ಬೋಟಿನ ಮೂತಿ ಮೇಲಿನ ಬಾಗಿಲಿಗೆ ಒತ್ತಿಕೊಂಡಿದೆ. ಬಾಗಿಲಿನ ಅಡ್ಡ ತೊಲೆಯ ಕೆಳಗೆ ಫೆಂಡರ್‌ನ ತಲೆ ಸಿಕ್ಕಿಕೊಂಡಿತು. ನೀರು ಏರುತ್ತಿದೆ, ಬೋಟಿನ ಹಿಂಭಾಗ ಏರುತ್ತಿದೆ, ಮೂತಿ ಮಾತ್ರ ಏರಲಾರದೆ ಕಚ್ಚಿ ನಿಂತಿದೆ. ನಿಮ್ಮ ಬೋಟ್ 15 ಟನ್ ಆಸುಪಾಸು ತೂಗುತ್ತೆ. ಅದನ್ನು ಎತ್ತುವ ನೀರಿಗೆ ಮೂತಿ ಸಿಕ್ಕಿದೆ ಅನ್ನುವುದು ಗೊತ್ತಾಗುವುದಿಲ್ಲ. ಮುಂದಿನ ಡೆಕ್ಕಿನ ಅಂಚು ನೀರಿಗೆ ಬಂದರೆ ನೀರು ನೇರವಾಗಿ ಒಳಗೆ ನುಗ್ಗುತ್ತೆ. ಬೋಟ್ ಮುಳುಗಲು ಕೆಲವೇ ನಿಮಿಷ ಸಾಕು.

ಇಳಿಯುವಾಗ ಇದೇ ಕಥೆ ತಲೆಕೆಳಗು. ಫೆಂಡರ್ ಕೆಳಗಿನ ಬಾಗಿಲಿನ ತೊಲೆಯ ಮೇಲೆ ಕೂತರೆ ಮೂತಿ ಅಲ್ಲೇ ನೇತಾಡುತ್ತೆ, ಹಿಂಭಾಗ ಇಳಿಯುತ್ತೆ.

ಇದಕ್ಕೇ ಸರಪಳಿಯಲ್ಲಿ ಒಂದು ಕೊಂಡಿ ಬೇಕಂತಲೇ ಸೋಲುವ ಹಾಗಿರಬೇಕು. ಇಲ್ಲಿಯವರು ಅದನ್ನು ವೀಕ್ ಲಿಂಕ್ ಅನ್ನುತ್ತಾರೆ, ನಾನು ಸೋಲುವ ಕೊಂಡಿ ಅನ್ನುತ್ತೇನೆ. ಫೆಂಡರ್ ಸಿಕ್ಕಿಕೊಂಡರೆ ಮೊದಲು ಅದು ಕಡಿದು ಹೋಗಬೇಕು, ಬೋಟ್ ಬಿಡುಗಡೆಯಾಗಬೇಕು. ಮೇಲೇರುವಾಗ ಎಳೆತ ಬೀಳುವುದು ಮೇಲಿನ ಸರಪಳಿಗಳ ಮೇಲೆ, ಇಳಿಯುವಾಗ ಕೆಳಗಿನದರ ಮೇಲೆ. ಹಾಗಾಗಿ ಒಂದೇ ಕಡೆ ಇಟ್ಟರೆ ಸಾಲದು. ಮೇಲೆ ಎರಡಕ್ಕೂ, ಕೆಳಗಿನದಕ್ಕೂ ಒಂದೊಂದು ಬೇಕು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಹಗ್ಗದ ಕೆಲಸಕ್ಕೆ ಇಳಿದ ಹೊಸದರಲ್ಲಿ ಒಬ್ಬ ಗಿರಾಕಿಗೆ ಚೆಂದದ ಫೆಂಡರ್ ಹೆಣೆದು, ಕಳಚಿ ಹೋಗಬಾರದು ಅಂತ ಸ್ಟೇನ್‌ಲೆಸ್ ಶ್ಯಾಕಲ್ ಹಾಕಿ ಕೊಟ್ಟಿದ್ದೆ. ಎರಡನೇ ವಾರವೇ ಅವರ ಮೂತಿ ಬಾಗಿಲಿನ ಕೆಳಗೆ ಸಿಕ್ಕಿಕೊಂಡಿತು. ತೂಬಿನ ಹತ್ತಿರ ನಿಂತಿದ್ದ ಅವರ ಹೆಂಡತಿ ಮೂತಿಯನ್ನೇ ನೋಡುತ್ತಿದ್ದರು, ಕೂಡಲೇ ಕೂಗಿ ತೂಬು ಇಳಿಸಿದರು. ಡೆಕ್ಕಿನ ನೀರು ಹೋಗುವ ತೂತಿನಿಂದ ನೀರು ಒಳಕ್ಕೆ ಬರಲು ಶುರುವಾಗಿತ್ತಂತೆ. ಆ ಬೋಟಿನೊಳಗೆ ಅವರ ಮಗಳು ಮಲಗಿದ್ದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಹೋಗಿ ನಾನೇ ಶ್ಯಾಕಲ್ ಬಿಚ್ಚಿ ಬಂದೆ.

ಸೋಲುವ ಕೊಂಡಿಗೆ ಏನು ಬಳಸಬೇಕು? ಪ್ಲಾಸ್ಟಿಕ್ ಕೇಬಲ್ ಟೈ ಬಳಸುವವರು ಬಹಳ ಜನ. ಸುಲಭ, ಅಗ್ಗ. ಆದರೆ ಬಿಸಿಲಿಗೆ ಒಣಗಿ ತಾನಾಗೇ ಮುರಿಯುತ್ತೆ, ವರ್ಷಕ್ಕೊಮ್ಮೆ ಬದಲಿಸಬೇಕು. ಸಣ್ಣ ಹತ್ತಿ ದಾರವನ್ನು ನಾಲ್ಕೈದು ಸುತ್ತು ಸುತ್ತಿ ಕಟ್ಟುವುದು ನನಗೆ ಇಷ್ಟದ ದಾರಿ, ಸುತ್ತು ಹೆಚ್ಚು ಕಡಿಮೆ ಮಾಡಿ ಬಲ ಹೊಂದಿಸಿಕೊಳ್ಳಬಹುದು. ಎಳೆದರೆ ಬಾಯಿ ಬಿಡುವ ಮೆತ್ತನೆ ಕಬ್ಬಿಣದ ಎಸ್ ಆಕಾರದ ಕೊಕ್ಕೆಯೂ ಆಗುತ್ತೆ. ನನ್ನ ಲೆಕ್ಕ ಇಷ್ಟು: ಪೂರ್ತಿ ನೆಂದ ಫೆಂಡರ್‌ನ ತೂಕವನ್ನೂ ಸಣ್ಣ ಪುಟ್ಟ ಗುದ್ದನ್ನೂ ಅದು ತಡೆಯಬೇಕು, ಅದಕ್ಕಿಂತ ಜಾಸ್ತಿ ಅಲ್ಲ. ಅದಕ್ಕೇ ಫೆಂಡರ್ ಮೇಲೆ ಕಾಲಿಟ್ಟು ಬೋಟ್ ಹತ್ತುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ. ಕೊಂಡಿ ಕಡಿದರೆ ನೀವು ನೀರಿನಲ್ಲಿರುತ್ತೀರಿ.

ಫೆಂಡರ್ ಪೂರ್ತಿ ಕಳೆದು ಹೋಗಬಾರದು ಅಂದರೆ ಒಂದು ಸಡಿಲವಾದ ತೆಳು ಹಗ್ಗವನ್ನು ಉದ್ದಕ್ಕೆ ಬಿಟ್ಟು ಕಟ್ಟಿಡುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಆ ಹಗ್ಗವೇ ಎಲ್ಲೋ ಸುತ್ತಿಕೊಂಡರೆ ಮತ್ತೆ ಅದೇ ಕಷ್ಟ. ಫೆಂಡರ್ ಹೋದರೆ ಹೋಗಲಿ, ಆಮೇಲೆ ಕೊಕ್ಕೆ ಹಾಕಿ ತೆಗೆದುಕೊಳ್ಳಬಹುದು.

ಕೊಂಡಿ ಇದ್ದರೂ ಕಣ್ಣು ಬೇಕು. ಲಾಕ್ ತುಂಬುವಾಗ ಒಬ್ಬರು ಮೂತಿಯನ್ನು ನೋಡುತ್ತಿರಲಿ. ಸಿಕ್ಕಿಕೊಂಡಿತು ಅನ್ನಿಸಿದರೆ ತೆರೆದಿರುವ ತೂಬನ್ನು ತಕ್ಷಣ ಇಳಿಸಿ. ಮೇಲೇರುತ್ತಿದ್ದರೆ ಕೆಳಗಿನ ತೂಬು ಎತ್ತಿ ನೀರು ಇಳಿಸಿ, ಇಳಿಯುತ್ತಿದ್ದರೆ ಮೇಲಿನದನ್ನು ನಿಧಾನಕ್ಕೆ ಎತ್ತಿ ನೀರು ಏರಿಸಿ. ಮೂತಿಯ ಹತ್ತಿರ ಹೋಗಿ ಕೈಯಿಂದ ಬಿಡಿಸಲು ಯಾರೂ ಹೋಗಬಾರದು. ಇನ್ನೊಂದು ಮಾತು, ಇಳಿಯುವಾಗ ಬೋಟಿನ ಹಿಂಭಾಗ ಮೇಲಿನ ಬಾಗಿಲ ಕೆಳಗಿರುವ ಕಲ್ಲಿನ ಹೊಸ್ತಿಲ ಮೇಲೆ ಕೂರಬಾರದು. ಅದು ಎಲ್ಲಿಯವರೆಗಿದೆ ಅಂತ ಗೋಡೆಯ ಮೇಲೆ ಬಿಳಿ ಗೆರೆ ಬಳಿದಿರುತ್ತಾರೆ. ಫೆಂಡರ್, ಚುಕ್ಕಾಣಿ ಎಲ್ಲಾ ಸೇರಿ ಆ ಗೆರೆಗಿಂತ ಮುಂದಿರಲಿ.

ಹೊಸ ಫೆಂಡರ್ ಆರಿಸುವ ವಿಷಯಕ್ಕೆ ಬರೋಣ. ಮೊದಲು ಹಳೆಯದು ನಿಜವಾಗಿ ಹೋಗಿದೆಯಾ ನೋಡಿ. ಕಪ್ಪಾಗಿದೆ ಅಂದ ಮಾತ್ರಕ್ಕೆ ಹಾಳಾಗಿದೆ ಅಂತಲ್ಲ. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಹೆಣಿಗೆಯ ನಡುವೆ ಚುಚ್ಚಿ. ಬಿಗಿಯಾಗಿ ತಡೆದರೆ ಇನ್ನೂ ಜೀವ ಇದೆ. ಕೊಳೆತ ಕುಂಬಳಕಾಯಿಗೆ ಚುಚ್ಚಿದ ಹಾಗೆ ಸರ್ರನೆ ಒಳಗೆ ಹೋಗಿ, ಹೊರಗೆ ತೆಗೆದಾಗ ಕೆಸರಿನ ವಾಸನೆ ಬಂದರೆ ತಿರುಳು ಕೊಳೆತಿದೆ. ನಿಮ್ಮದು ಒಂದು ಕಡೆ ಜೋತಿದೆ ಅಂದಿರಿ, ಬಹುಶಃ ಸರಪಳಿ ಒಳಗೆ ಹೋಗುವ ಜಾಗದಲ್ಲೇ ಹಗ್ಗ ಸವೆದಿರಬೇಕು. ಅಲ್ಲೇ ಬೆರಳು ಹಾಕಿ ನೋಡಿ.

ಹಗ್ಗದ ಫೆಂಡರ್‌ಗೆ ಎರಡು ಭಾಗ, ಒಳಗೊಂದು ತಿರುಳು, ಹೊರಗೆ ಹೆಣಿಗೆಯ ಹೊದಿಕೆ. ಹಿಂದೆ ಸವೆದ ಹಗ್ಗದ ತುಂಡುಗಳನ್ನೇ ಬಿಗಿದು ತಿರುಳು ಮಾಡುತ್ತಿದ್ದರು. ಈಗ ಕೆಲವರು ಟೈರಿನ ರಬ್ಬರ್ ಇಡುತ್ತಾರೆ. ರಬ್ಬರ್ ತಿರುಳು ಕೊಳೆಯುವುದಿಲ್ಲ, ಚೆನ್ನಾಗಿ ಪುಟಿಯುತ್ತೆ, ಆದರೆ ಕಳಚಿ ಬಿದ್ದರೆ ಮುಳುಗುತ್ತೆ. ತೇಲುವ ಜಾತಿಯ ಹಗ್ಗದ ತಿರುಳಿದ್ದರೆ ತೇಲುತ್ತಾ ಇರುತ್ತೆ, ಹಿಡಿದುಕೊಳ್ಳಬಹುದು. ಕೊಳ್ಳುವಾಗ ಒಳಗೆ ಏನಿದೆ ಅಂತ ಕೇಳಿ. ಹೇಳದಿದ್ದರೆ ತೆಗೆದುಕೊಳ್ಳಬೇಡಿ.

ಹೊದಿಕೆಗೆ ಪಾಲಿಪ್ರೊಪಿಲೀನ್ ಹಗ್ಗವೋ, ನಾರಿನ ಹಗ್ಗವೋ ಅನ್ನುವುದು ದೊಡ್ಡ ಪ್ರಶ್ನೆ. ಇಲ್ಲಿ ಸಿಗುವ ನಾರುಗಳಲ್ಲಿ ಸೈಸಲ್ ಅಂದರೆ ನಮ್ಮ ಕತ್ತಾಳೆ ಜಾತಿಯದು, ಮನಿಲಾ ಅಂದರೆ ಬಾಳೆಯ ಜಾತಿಯ ಗಿಡದ ನಾರು. ಎರಡೂ ನೋಡಲು ಚೆಂದ, ಕೈಗೂ ಹಿತ. ಆದರೆ ನೀರು ಕುಡಿದು ಒಣಗಿ, ಮತ್ತೆ ಕುಡಿದು ಒಳಗಿನಿಂದ ಕೊಳೆಯುತ್ತವೆ. ಪಾಲಿಪ್ರೊಪಿಲೀನ್ ಕೊಳೆಯುವುದಿಲ್ಲ. ಅದರ ಶತ್ರು ಬಿಸಿಲು. ಕೆಲವು ವರ್ಷ ಕಳೆದರೆ ಮೇಲೆಲ್ಲ ರೋಮ ಎದ್ದು, ಮುಟ್ಟಿದರೆ ಪುಡಿ ಉದುರುತ್ತೆ. ಆ ಪ್ಲಾಸ್ಟಿಕ್ ಪುಡಿ ಹೋಗುವುದು ಕಾಲುವೆಗೇ. ಕಪ್ಪು ಬಣ್ಣದ್ದು ಬಿಸಿಲನ್ನು ಇತರ ಬಣ್ಣಗಳಿಗಿಂತ ಚೆನ್ನಾಗಿ ತಡೆಯುತ್ತೆ. ನೀವು ಬೋಟಿನಲ್ಲೇ ವಾಸ, ತಿಂಗಳುಗಟ್ಟಲೆ ಹೊರಗೇ ಇರುತ್ತೆ, ಗುದ್ದುವ ಭಾಗಕ್ಕೆ ಪಾಲಿಪ್ರೊಪಿಲೀನೇ ಸರಿ ಅಂತ ನನ್ನ ಅಭಿಪ್ರಾಯ. ನಾರಿನ ಚೆಂದ ಬೇಕಾದರೆ ನಾರಿನ ಬಣ್ಣದ್ದೇ ಪಾಲಿಪ್ರೊಪಿಲೀನ್ ಸಿಗುತ್ತೆ.

ಅತ್ತೆಯವರ ಕತ್ತದ ಹಗ್ಗದ ಬಗ್ಗೆ. ಅದನ್ನು ಹಳ್ಳಿ ಸಾಮಾನು ಅಂತ ತಳ್ಳಿಹಾಕಬೇಡಿ. ಕತ್ತ ನೀರಿಗೆ ಜಗ್ಗದ ನಾರು. ಹಗುರ, ತೇಲುತ್ತೆ, ಎಳೆದರೆ ಹಿಗ್ಗುತ್ತೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮೊಳೆಯೇ ಇಲ್ಲದೆ ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿದು ಸಮುದ್ರಕ್ಕೆ ದೋಣಿ ಇಳಿಸುತ್ತಿದ್ದವರು ಇದ್ದರು. ಹಡಗುಗಳ ಫೆಂಡರ್‌ಗೂ ಅದು ಹಳೆಯ ಸರಕು. ಅದರ ಕೊರತೆ ಎರಡು, ಮನಿಲಾದಷ್ಟು ಎಳೆತ ತಡೆಯುವುದಿಲ್ಲ, ಮತ್ತೆ ಒರಟು. ಹಾಗಾಗಿ ನೇತುಹಾಕಲು ಬೇಡ, ಸಣ್ಣ ಗಂಟಿನ ಅಲಂಕಾರಕ್ಕೂ ಬೇಡ. ತಿರುಳಿಗೆ ಮಾತ್ರ ಬಹಳ ಒಳ್ಳೆಯದು. ಹೆಬ್ಬೆರಳು ದಪ್ಪದ ಹಗ್ಗವನ್ನು ಮೊಳದುದ್ದ ಕತ್ತರಿಸಿ, ಕಟ್ಟಿಗೆ ಹೊರೆ ಕಟ್ಟುವ ಹಾಗೆ ಒಟ್ಟು ಹಾಕಿ ಬಿಗಿದರೆ ಅದರ ಮೇಲೆ ಹೆಣೆಯಬಹುದು. ನಾನು ಹೆಣೆದ ಕೆಲವು ಫೆಂಡರ್‌ಗಳ ಒಳಗೆ ಕತ್ತವೇ ಇದೆ. ತರಲಿ.

ಟೈರ್ ಬೇಡವೇ ಬೇಡ. ತೂಗುಹಾಕಿದ ಹಗ್ಗ ಕಡಿದರೆ ಅದು ತಳಕ್ಕೆ ಹೋಗುತ್ತೆ. ಆಮೇಲೆ ಆ ದಾರಿಯಲ್ಲಿ ಬರುವ ಯಾರದೋ ಪ್ರೊಪೆಲರ್‌ಗೆ ಸಿಕ್ಕಿಕೊಳ್ಳುತ್ತೆ. ಬೋಟಿನ ಬಣ್ಣಕ್ಕೂ ಅದು ಕಪ್ಪು ಕಲೆ ಹಚ್ಚುತ್ತೆ.

ಗಾಳಿ ತುಂಬಿದ ಬಿಳಿ ಪಿವಿಸಿ ಫೆಂಡರ್‌ಗಳು ಸಮುದ್ರದ ಬೋಟ್‌ಗಳಿಗೆ ಮಾಡಿದವು. ಕಾಲುವೆಯ ದಡ ತಗ್ಗು, ಫೆಂಡರ್ ಹಗುರ. ಇನ್ನೊಂದು ಬೋಟ್ ಹಾದುಹೋದಾಗ ನಿಮ್ಮ ಬೋಟ್ ಅಲುಗಾಡಿ ಅದು ಉರುಳಿ ಮೇಲಕ್ಕೆ ಬಂದು ದಡದ ಮೇಲೆ ಕೂತುಬಿಡುತ್ತೆ. ಎರಡೂ ತುದಿ ಕಟ್ಟಿ ಅಡ್ಡಡ್ಡ ಮಲಗಿಸಿದರೆ ಪರವಾಗಿಲ್ಲ. ಅಂದ ಹಾಗೆ, ನೀವು ವುಲ್ವರ್‌ಹ್ಯಾಂಪ್ಟನ್ ದಾಟಿ ಶ್ರಾಪ್‌ಷೈರ್ ಯೂನಿಯನ್ ಕಾಲುವೆಗೆ ಹೋದರೆ ಬೇರೆ ಅನುಭವ ಆಗುತ್ತೆ. ಅಲ್ಲಿ ನೀರಿನ ಕೆಳಗೆ ದಡಕ್ಕೆ ಅಂಟಿಕೊಂಡು ಒಂದು ಕಲ್ಲಿನ ಜಗಲಿ ಇದೆ, ಶ್ರಾಪಿ ಶೆಲ್ಫ್ ಅಂತ ಕರೆಯುತ್ತಾರೆ. ಬೋಟಿನ ತಳ ಅದಕ್ಕೆ ಬಡಿದು ಬಡಿದು ರಾತ್ರಿಯೆಲ್ಲ ನಿದ್ದೆ ಕೆಡುತ್ತೆ. ತಳ್ಳುಗಾಡಿಯ ಗಾಳಿ ಚಕ್ರ ಎರಡನ್ನು ಬೋಟಿಗೂ ದಡಕ್ಕೂ ನಡುವೆ ಇಳಿಬಿಟ್ಟರೆ ಬೋಟ್ ಒಂದಡಿ ಆಚೆ ನಿಲ್ಲುತ್ತೆ. ಹೊರಡುವಾಗ ಎತ್ತಿಕೊಂಡರೆ ಆಯಿತು.

ಅಳತೆಯ ವಿಷಯದಲ್ಲಿ ಜನ ಮೂತಿಗೆ ಕೊಡುವ ಗಮನವನ್ನು ಹಿಂಭಾಗಕ್ಕೆ ಕೊಡುವುದಿಲ್ಲ. ಹಿಂದಿನ ಫೆಂಡರ್ ಇರುವುದು ಚುಕ್ಕಾಣಿಯನ್ನೂ ಪ್ರೊಪೆಲರನ್ನೂ ಕಾಯಲು. ಬೋಟ್ ದಡದಲ್ಲಿರುವಾಗ ಚುಕ್ಕಾಣಿಯನ್ನು ನೇರ ಮಾಡಿ, ಡೆಕ್ಕಿನ ಹಿಂದಿನ ಅಂಚಿನಿಂದ ಚುಕ್ಕಾಣಿ ಹಲಗೆಯ ಕೊನೆಯವರೆಗೆ ಎಷ್ಟು ಅಂತ ಕೋಲು ಹಿಡಿದು ಅಳೆಯಿರಿ. ಫೆಂಡರ್ ಅದಕ್ಕಿಂತ ಎರಡು ಮೂರು ಇಂಚು ಹೊರಗಿರಬೇಕು. ಇಲ್ಲದಿದ್ದರೆ ಹಿಂದಿನಿಂದ ಬಂದ ಬೋಟು ಮೊದಲು ಗುದ್ದುವುದು ಚುಕ್ಕಾಣಿಗೆ. ಒಂದೇ ಗುಂಡು ಫೆಂಡರ್ ಸಾಲದಿದ್ದರೆ ಅದಕ್ಕೂ ಬೋಟಿಗೂ ನಡುವೆ ಉದ್ದನೆಯ ಬಾಗಿದ ತುಂಡು ಸೇರಿಸುತ್ತಾರೆ. ಗುಂಡಿನದಕ್ಕೆ ಬಟನ್, ಬಾಗಿದ್ದಕ್ಕೆ ಟಿಪ್‌ಕ್ಯಾಟ್ ಅಂತ ಹೆಸರು. ನಿಮ್ಮ ಹಿಂದಿನ ಫೆಂಡರ್ ಪರವಾಗಿಲ್ಲ ಅನ್ನುವ ಮೊದಲು ಈ ಅಳತೆ ನೋಡಿ. ಅದಕ್ಕೂ ಸೋಲುವ ಕೊಂಡಿ ಇರಲಿ.

ಯಾರ್ಕ್‌ಷೈರ್ ಅಂದಿರಿ. ಅಲ್ಲಿನ ಕಾಲ್ಡರ್ ಅಂಡ್ ಹೆಬಲ್ ದಾರಿಯ ಲಾಕ್‌ಗಳು ಅಗಲ, ಆದರೆ ಗಿಡ್ಡ, ಸುಮಾರು 57 ಅಡಿ 6 ಇಂಚು. ನಿಮ್ಮ ಬೋಟ್ 57 ಅಡಿ. ಮೂತಿಗೆ 8 ಇಂಚು, ಹಿಂದೆ 12 ಇಂಚು ಫೆಂಡರ್ ಸೇರಿದರೆ 58 ಅಡಿ 8 ಇಂಚು ಆಯಿತಲ್ಲ! ಹೆದರಬೇಡಿ. ನ್ಯಾರೋಬೋಟನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ನಿಲ್ಲಿಸಿದರೆ ಹಿಡಿಸುತ್ತೆ. ಆದರೂ ಅಲ್ಲಿಗೆ ಹೋಗುವ ಮುನ್ನ ಎರಡೂ ಫೆಂಡರ್ ಎತ್ತಿ ಡೆಕ್ಕಿನ ಮೇಲೆ ಇಡುವ ಹಾಗೆ ಕೊಕ್ಕೆ ಮಾಡಿಸಿಕೊಳ್ಳಿ. ಸರಕು ಸಾಗಿಸುತ್ತಿದ್ದ ಹಳೆಯ 70 ಅಡಿ ಬೋಟಿನವರಿಗೆ ಲಾಕ್‌ನಲ್ಲಿ ಫೆಂಡರ್ ಎತ್ತುವುದು ದಿನನಿತ್ಯದ ಕೆಲಸವಾಗಿತ್ತು.

ಈಗ ಅಲಂಕಾರ. ನಿಮ್ಮ ಪತ್ರದಲ್ಲಿ ನನಗೆ ಬಹಳ ಖುಷಿ ಕೊಟ್ಟ ಭಾಗ ಇದು.

ರೈಲು ಬಂದ ಮೇಲೆ ಕಾಲುವೆಯ ಸರಕಿನ ಬಾಡಿಗೆ ಇಳಿಯಿತು. ದಡದಲ್ಲಿ ಮನೆ ಇಡಲಾಗದೆ ಬೋಟಿನವರು ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬೋಟಿಗೇ ಬಂದರು. ಹಿಂಭಾಗದಲ್ಲಿ 10 ಅಡಿ ಉದ್ದವೂ ದಾಟದ ಒಂದು ಗೂಡು, ಅದೇ ಅಡುಗೆ ಮನೆ, ಅದೇ ಮಲಗುವ ಮನೆ. ಆ ಗೂಡನ್ನು ಅವರು ಎಷ್ಟು ಒಪ್ಪವಾಗಿ ಇಟ್ಟುಕೊಂಡಿದ್ದರು ಅಂದರೆ, ಬಾಗಿಲಿಗೆ ಗುಲಾಬಿ ಹೂವು ಮತ್ತು ಕೋಟೆಯ ಚಿತ್ರ, ಹೊಗೆ ಕೊಳವೆಗೆ ಹಿತ್ತಾಳೆ ಪಟ್ಟಿ, ನೀರಿನ ಡಬ್ಬಿಗೂ ಬಣ್ಣ, ಕುದುರೆಯ ಕಿವಿಗೆ ಕ್ರೋಶಾ ಟೋಪಿ. ಎಂಜಿನ್ ಇಲ್ಲದ ಬೋಟಿನ ದೊಡ್ಡ ಮರದ ಚುಕ್ಕಾಣಿಯ ತಲೆಗೆ ಬಿಳಿ ಹತ್ತಿ ಹಗ್ಗದ ಹೆಣಿಗೆ ಸುತ್ತಿ, ಅಲ್ಲಿಂದ ಕೆಳಕ್ಕೆ ಹಂಸದ ಕೊರಳಿನ ಹಾಗೆ ಇಳಿಬಿಡುತ್ತಿದ್ದರು. ಅದರ ಹೆಸರೇ ಸ್ವಾನ್ಸ್ ನೆಕ್. ಪಕ್ಕದಲ್ಲಿ ಕುದುರೆ ಬಾಲವನ್ನೂ ಕಟ್ಟುವುದಿತ್ತು. ಕಲ್ಲಿದ್ದಲು ಸಾಗಿಸುವ ಬೋಟಿನಲ್ಲಿ ಹಗ್ಗ ಬಿಳಿಯಾಗಿ ಇಡುವುದು ಎಷ್ಟು ಕೈಕೆಲಸ ಅಂತ ಯೋಚಿಸಿ. ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ನಾರ್ಥಾಂಪ್ಟನ್‌ಷೈರಿನ ಸ್ಟೋಕ್ ಬ್ರೂಯರ್ನ್‌ನಲ್ಲಿ ಕಾಲುವೆ ಮ್ಯೂಸಿಯಂ ಇದೆ, ಎಲ್ಸ್‌ಮಿಯರ್ ಪೋರ್ಟ್‌ನಲ್ಲಿ ದೊಡ್ಡದೇ ಇದೆ. ಒಮ್ಮೆ ಹೋಗಿ ಹತ್ತಿರದಿಂದ ನೋಡಿ ಬನ್ನಿ.

ಅವರು ಅಲಂಕಾರವನ್ನು ಎಲ್ಲಿ ಇಟ್ಟರು ಅನ್ನುವುದನ್ನು ಗಮನಿಸಿ. ಗೋಡೆಗೆ ತಾಗುವ ಕಡೆ ಅಲ್ಲ. ಚುಕ್ಕಾಣಿಯ ತಲೆ, ಚುಕ್ಕಾಣಿ ತಿರುಗಿಸುವ ಹಿಡಿ ಅಂದರೆ ಟಿಲ್ಲರ್, ಹೊಗೆ ಕೊಳವೆ. ಫೆಂಡರ್‌ನ ಮುಖದ ಮೇಲೆ ನೀವು ಎಷ್ಟೇ ಚೆಂದದ ಗಂಟು ಕೂರಿಸಿದರೂ ಒಂದು ಸಲ ಲಾಕ್ ಬಾಗಿಲಿಗೆ ಒತ್ತಿದರೆ ಮುಗಿಯಿತು. ಫೆಂಡರ್‌ಗೇ ಬೇಕು ಅಂದರೆ ಮೇಲ್ಭಾಗದಲ್ಲಿ, ಹಗ್ಗ ಹೊರಗೆ ಬರುವ ಕೊರಳಿನಲ್ಲಿ ಒಂದು ಗಂಟು ಇಡಿ. ಸೋಲುವ ಕೊಂಡಿಯ ಮೇಲೆ ಮಾತ್ರ ಏನನ್ನೂ ಸುತ್ತಬೇಡಿ. ಚೆಂದಕ್ಕೆ ಅಂತ ಅದರ ಮೇಲೆ ಹೆಣೆದರೆ ಅದು ಸೋಲುವುದಿಲ್ಲ.

ಪೇಂಟ್ ಹೊಡೆಯಬೇಡಿ. ಪೇಂಟ್ ಹಗ್ಗವನ್ನು ಕಾಪಾಡುತ್ತೆ ಅನ್ನುವುದು ತಪ್ಪು. ಎಳೆಗಳು ಗಟ್ಟಿಯಾಗಿ ಬಿರುಕು ಬಿಡುತ್ತವೆ, ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ, ಕೊಳೆತರೂ ಕಾಣುವುದಿಲ್ಲ. ಬ್ಲೀಚ್ ಕೂಡ ಬೇಡ, ಹತ್ತಿ ಎಳೆ ಸೊರಗುತ್ತೆ. ಸೋಪು, ಬ್ರಷ್, ಬಿಸಿ ನೀರು ಸಾಕು. ಅಗಸೆ ಎಣ್ಣೆ ಹಚ್ಚಿ ಅಂತ ಯಾರಾದರೂ ಹೇಳಿದರೆ ಒಂದು ಎಚ್ಚರಿಕೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ಬಿಡಿಸಿ ಹೊರಗೆ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ಹಳದಿ, ಕೆಂಪು ಬೇಕಾದರೆ ಬಣ್ಣದ ಹಗ್ಗವನ್ನೇ ತನ್ನಿ. ಕೆಂಪು ಬಿಸಿಲಿಗೆ ಬೇಗ ಮಂಕಾಗುತ್ತೆ, ಆದ್ದರಿಂದ ಬಿಚ್ಚಿ ಬದಲಿಸಲು ಆಗುವ ಜಾಗದಲ್ಲಿ ಇಡಿ. ಟಿಲ್ಲರ್‌ಗೆ ಹಳದಿ ಗಂಟೊಂದು, ಕೆಂಪು ಗಂಟೊಂದು ಪಕ್ಕಪಕ್ಕ ಕೂರಿಸಿದರೆ ದಡದಲ್ಲಿ ಹೋಗುವ ಕನ್ನಡಿಗರು ನಿಂತು ಮಾತಾಡಿಸುತ್ತಾರೆ.

ಕಲಿಯಬೇಕಾದ ಗಂಟು ಒಂದೇ, ಟರ್ಕ್ಸ್ ಹೆಡ್. ನೋಡಲು ತಲೆ ಮೇಲಿನ ಸಿಂಬಿಯ ಹಾಗೆ. ಅದು ಇನ್ನೇನೂ ಅಲ್ಲ, ಮೂರು ಕಾಲಿನ ಜಡೆ, ತುದಿ ಇಲ್ಲದೆ ಬಳೆಯಾಗಿ ಕೂಡಿಕೊಂಡಿದ್ದು. ಒಂದೇ ಹಗ್ಗದಲ್ಲಿ ಮಾಡುತ್ತಾರೆ. ಟಿಲ್ಲರ್ ಕೊಳವೆಗೆ ಹಗ್ಗವನ್ನು ಎರಡು ಸುತ್ತು ಸುತ್ತಿ, ಎದುರಿಗೆ ಒಂದನ್ನೊಂದು ಅಡ್ಡ ಹಾಯಿಸಿ, ತುದಿಯನ್ನು ಒಂದು ಎಳೆಯ ಕೆಳಗೆ ತೂರಿಸಿ. ಕೊಳವೆ ಸ್ವಲ್ಪ ತಿರುಗಿಸಿದರೆ ಎರಡು ಎಳೆ ಸಮಾನಾಂತರ ಕಾಣುತ್ತವೆ. ಅವುಗಳಲ್ಲಿ ಒಂದನ್ನು ಎತ್ತಿ ಇನ್ನೊಂದರ ಮೇಲೆ ದಾಟಿಸಿ. ನಡುವೆ ಕಣ್ಣಿನಷ್ಟು ಸಂದು ಬಿಡುತ್ತೆ. ತುದಿಯನ್ನು ಆ ಸಂದಿನಲ್ಲಿ ಒಂದರ ಮೇಲೆ, ಒಂದರ ಕೆಳಗೆ ಹಾಯಿಸಿ. ಮತ್ತೆ ತಿರುಗಿಸಿ, ಮತ್ತೆ ದಾಟಿಸಿ. ತುದಿ ಶುರುವಿನ ಜಾಗಕ್ಕೆ ಬಂದು ಸೇರಿದಾಗ ಜಡೆ ಕೂಡಿತು. ಅದೇ ದಾರಿ ಹಿಡಿದು ಇನ್ನೆರಡು ಸಲ ಹೋದರೆ ಮೂರೆಳೆಯ ದಪ್ಪ ಸಿಂಬಿ. ಅಂಚಿನ ಬಾಗುಗಳು 4, 5, 7, 8 ಆಗಬಹುದು, 6 ಮಾತ್ರ ಆಗದು. ಮೂರು ಕಾಲಿನ ಜಡೆಗೆ ಮೂರರಿಂದ ಭಾಗವಾಗುವ ಬಾಗು ಬಂದರೆ ಒಂದೇ ಹಗ್ಗದಲ್ಲಿ ಅದು ಕೂಡುವುದಿಲ್ಲ. ಸಡಿಲವಾಗಿಯೇ ಮುಗಿಸಿ, ಆಮೇಲೆ ಒಂದು ತುದಿಯಿಂದ ಶುರುಮಾಡಿ ಇಂಚಿಂಚೇ ಬಿಗಿಯುತ್ತಾ ಬನ್ನಿ. ಮೊದಲ ಸಲವೇ ಬಿಗಿ ಮಾಡಿದರೆ ಎರಡನೇ ಸುತ್ತು ತೂರುವುದಿಲ್ಲ.

ಮೂತಿಯ ಫೆಂಡರ್ ನೀವೇ ಹೆಣೆಯಬೇಕಾ? ಮೊದಲನೆಯದು ಬೇಡ. ಬಿಗಿ ಸಾಲದ ಹೆಣಿಗೆ ಒಂದೇ ಋತುವಿನಲ್ಲಿ ಜಾರುತ್ತೆ. ಗುದ್ದುವ ಫೆಂಡರ್ ಕೊಂಡುಕೊಳ್ಳಿ, ಪಕ್ಕಕ್ಕೆ ಇಳಿಬಿಡುವ ಸಣ್ಣವನ್ನು ಮನೆಯಲ್ಲಿ ಹೆಣೆದು ಕೈ ಪಳಗಿಸಿಕೊಳ್ಳಿ. ಹಳೆಯದನ್ನು ಬಿಚ್ಚಿದ ದಿನ ಅದರ ಹಿಂದಿನ ಸ್ಟೀಲ್ ನೋಡುವುದು ಮರೆಯಬೇಡಿ. ಸದಾ ಒದ್ದೆಯಾಗಿದ್ದ ಜಾಗ, ತುಕ್ಕು ಇರುತ್ತೆ. ತಿಕ್ಕಿ, ಒಣಗಿಸಿ, ಟಾರು ಹಚ್ಚಿಯೇ ಹೊಸದು ಕಟ್ಟಿ.

ಅತ್ತೆಯವರಿಗೆ ಇನ್ನೊಂದು ಹೇಳಿ. ಕತ್ತದ ಜೊತೆಗೆ, ಸಂತೆಯಲ್ಲಿ ದನ ಕಟ್ಟಲು ಮಾರುವ ಬಿಳಿ ಹತ್ತಿ ಹಗ್ಗ ಸಿಕ್ಕರೆ, ಕಿರುಬೆರಳು ದಪ್ಪದ್ದು, ಒಂದು ಹತ್ತು ಮೀಟರ್ ತರಲಿ. ಟರ್ಕ್ಸ್ ಹೆಡ್‌ಗೆ ಬಹಳ ಚೆನ್ನಾಗಿ ಕೂರುತ್ತೆ. ಜಡೆ ಹೆಣೆದ ಕೈ ಅವರದು, ಒಂದು ಸಲ ತೋರಿಸಿದರೆ ನಿಮಗಿಂತ ಮೊದಲು ಅವರೇ ಕಲಿಯುತ್ತಾರೆ. ನಿಮ್ಮ ಟಿಲ್ಲರ್ ಕೊಳವೆಯ ಸುತ್ತಳತೆ ಬರೆದು ಕಳಿಸಿ, ಹಳೆಯ ಫೆಂಡರ್‌ನ ಸರಪಳಿಗಳ ಫೋಟೋ ಕೂಡ. ಎಷ್ಟು ಹಗ್ಗ ಬೇಕು, ಕೊಂಡಿ ಎಲ್ಲಿ ಹಾಕಬೇಕು ಅಂತ ಗುರುತು ಮಾಡಿ ವಾಪಸ್ ಕಳಿಸುತ್ತೇನೆ.